ಶಾಲೆ ಚೆನ್ನಾಗಿದೆ, ಮೇಷ್ಟ್ರು ಯಾಕೆ ಉಳಿಯುವುದಿಲ್ಲ?

ಜರ್ಮನಿಯ ಸಂವಿಧಾನ 1949ರದ್ದು. ಅದರ ಏಳನೇ ವಿಧಿಯಲ್ಲಿ ಖಾಸಗಿ ಶಾಲೆಗಳ ಮಾತು ಬರುತ್ತದೆ. ಸರ್ಕಾರಿ ಶಾಲೆಗೆ ಬದಲಾಗಿ ಯಾರು ಬೇಕಾದರೂ ಶಾಲೆ ತೆರೆಯಬಹುದು, ಆದರೆ ರಾಜ್ಯದ ಅನುಮತಿ ಬೇಕು. ಕಲಿಕೆಯ ಗುರಿಯಲ್ಲಿ, ಸೌಕರ್ಯದಲ್ಲಿ, ಶಿಕ್ಷಕರ ತರಬೇತಿಯಲ್ಲಿ ಆ ಶಾಲೆ ಸರ್ಕಾರಿ ಶಾಲೆಗಿಂತ ಕಡಿಮೆ ಇರಬಾರದು. ದುಡ್ಡಿದ್ದವರ ಮಕ್ಕಳು ಒಂದು ಕಡೆ, ಇಲ್ಲದವರ ಮಕ್ಕಳು ಒಂದು ಕಡೆ ಎಂದಾಗಬಾರದು. ಇಷ್ಟು ಹೇಳಿದ ಮೇಲೆ ಇನ್ನೊಂದು ಸಾಲು ಇದೆ. ಅಲ್ಲಿ ಪಾಠ ಮಾಡುವವರ ಆರ್ಥಿಕ ಸ್ಥಿತಿಗೂ ಕಾನೂನಿನ ಸ್ಥಾನಕ್ಕೂ ಸಾಕಷ್ಟು ಭದ್ರತೆ ಇಲ್ಲದಿದ್ದರೆ ಅನುಮತಿ ಕೊಡಬಾರದು.

ಈ ಸಾಲು ನನ್ನನ್ನು ಬಹಳ ದಿನ ಕಾಡಿತು. ಜರ್ಮನಿಗೆ ಬರುವ ಮೊದಲು ನಾನು ಬೆಂಗಳೂರಿನ ಹೊರಗೆ ಒಂದು ಚಿಕ್ಕ ಪರ್ಯಾಯ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಒಳ್ಳೆಯ ಶಾಲೆ. ಮಕ್ಕಳಿಗೆ ಹೆದರಿಕೆ ಇರಲಿಲ್ಲ. ಪ್ರಶ್ನೆ ಕೇಳಿದರೆ ಯಾರೂ ಗದರುತ್ತಿರಲಿಲ್ಲ. ಆದರೆ ಪ್ರತಿ ಏಪ್ರಿಲ್‌ನಲ್ಲಿ ಯಾರೋ ಒಬ್ಬರು ಹೊರಡುತ್ತಿದ್ದರು. ಒಬ್ಬರಿಗೆ ಮದುವೆ ಮಾತುಕತೆ ನಡೆಯಿತು, ಹುಡುಗಿ ಮನೆಯವರು ಸಂಬಳ ಎಷ್ಟು ಎಂದು ಕೇಳಿದರು. ಇನ್ನೊಬ್ಬರ ತಂದೆಗೆ ಆಪರೇಷನ್ ಆಯಿತು, ಸಾಲವಾಯಿತು. ಮತ್ತೊಬ್ಬರು ಸುಸ್ತಾಗಿ ಹೋದರು. ಜೂನ್‌ನಲ್ಲಿ ಹೊಸಬರು ಬಂದು ಮೊದಲ ದಿನವೇ ಮಕ್ಕಳ ಮುಂದೆ ನಿಲ್ಲುತ್ತಿದ್ದರು. ಅವರಿಗೆ ಕೆಲಸ ಕೈಹತ್ತುವಷ್ಟರಲ್ಲಿ ಅವರೂ ಹೊರಡುವ ಹೊತ್ತಾಗುತ್ತಿತ್ತು. ಹೋದವರಲ್ಲಿ ಒಬ್ಬರಿಗೂ ಆ ಶಾಲೆ ಬೇಡವಾಗಿರಲಿಲ್ಲ.

ಈಗ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ನನ್ನ ಮಕ್ಕಳು ವಾಲ್ಡಾರ್ಫ್ ಎಂಬ ಬಗೆಯ ಪರ್ಯಾಯ ಶಾಲೆಗೆ ಹೋಗುತ್ತಾರೆ. ಎರಡೂ ಕಡೆಯ ಮೇಷ್ಟ್ರನ್ನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಪರ್ಯಾಯ ಶಾಲೆಗಳು ಮಗುವಿನ ಬಗ್ಗೆ ಬಹಳ ಯೋಚನೆ ಮಾಡಿವೆ, ಮೇಷ್ಟ್ರ ಬದುಕಿನ ಬಗ್ಗೆ ಅಷ್ಟು ಮಾಡಿಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಸಂಬಳದ ಮಾತೆತ್ತಿದರೆ ಆದರ್ಶಕ್ಕೆ ಕುಂದು ಎನ್ನುವ ಮುಜುಗರ ನಮ್ಮಲ್ಲಿದೆ. ಈ ಮುಜುಗರದಿಂದ ನಷ್ಟವಾಗುವುದು ಕೊನೆಗೆ ಮಕ್ಕಳಿಗೇ.

ವಾಲ್ಡಾರ್ಫ್ ಶಾಲೆ ಹುಟ್ಟಿದ್ದು ಇದೇ ಊರಿನಲ್ಲಿ. 1919ರಲ್ಲಿ, ಮೊದಲ ಮಹಾಯುದ್ಧ ಮುಗಿದ ಮರುವರ್ಷ, ವಾಲ್ಡಾರ್ಫ್-ಅಸ್ಟೋರಿಯಾ ಎಂಬ ಸಿಗರೇಟ್ ಕಾರ್ಖಾನೆಯ ಮುಖ್ಯಸ್ಥ ಎಮಿಲ್ ಮೋಲ್ಟ್ ತನ್ನ ಕೆಲಸಗಾರರ ಮಕ್ಕಳಿಗಾಗಿ ಶಾಲೆ ತೆರೆಯಲು ಮುಂದಾದ. ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್‌ರನ್ನು ಕರೆಸಿ ಹೊಣೆ ಕೊಟ್ಟ. ಶಾಲೆ ಶುರುವಾಗುವ ಮುಂಚೆ ಸ್ಟೈನರ್ ಮೊದಲ ಶಿಕ್ಷಕರನ್ನು ಕೂರಿಸಿಕೊಂಡು ಸುಮಾರು ಎರಡು ವಾರ ಪಾಠ ಹೇಳಿದರು. ಸೆಪ್ಟೆಂಬರ್ 7ಕ್ಕೆ 256 ಮಕ್ಕಳೊಂದಿಗೆ ಶಾಲೆ ಶುರುವಾಯಿತು. ಸ್ಟೈನರ್ ಬರೆದದ್ದರಲ್ಲಿ ನಾನು ಒಪ್ಪದ ಸಂಗತಿ ಬಹಳ ಇದೆ. ಅದು ಬೇರೆ ಚರ್ಚೆ.

ಎರಡೇ ವಾರದ ತರಬೇತಿಯಲ್ಲಿ ಹೊಸ ಬಗೆಯ ಶಾಲೆ ನಡೆಸಲು ಆಗುತ್ತದಾ? ಆಗುವುದಿಲ್ಲ, ಅಲ್ವಾ? ಆ ಎರಡು ವಾರದ ನಂತರ ನಡೆದದ್ದೇ ಮುಖ್ಯ. ಶಿಕ್ಷಕರು ಮತ್ತೆ ಮತ್ತೆ ಸಭೆ ಸೇರಿದರು. ಸ್ಟೈನರ್ ಊರಿಗೆ ಬಂದಾಗಲೆಲ್ಲ ಆ ಸಭೆಯಲ್ಲಿ ಕೂರುತ್ತಿದ್ದರು. ಇಂಥ ಮಗುವಿಗೆ ಓದು ಬರುತ್ತಿಲ್ಲ ಏನು ಮಾಡೋಣ, ಈ ಪಾಠ ಕೈಕೊಟ್ಟಿತು ಯಾಕೆ ಎಂದು ಮಾತಾಡುತ್ತಿದ್ದರು. ಇವತ್ತಿಗೂ ವಾಲ್ಡಾರ್ಫ್ ಶಾಲೆಗಳಲ್ಲಿ ವಾರಕ್ಕೊಂದು ಮಧ್ಯಾಹ್ನ, ಹೆಚ್ಚಾಗಿ ಗುರುವಾರ, ಎಲ್ಲ ಶಿಕ್ಷಕರೂ ಕೂಡಿ ಕೂರುತ್ತಾರೆ. ಬಹಳ ಕಡೆ ಹೆಡ್‌ಮಾಸ್ಟರ್ ಎನ್ನುವ ಹುದ್ದೆಯೇ ಇಲ್ಲ. ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬುದೂ ಶಿಕ್ಷಕರ ಕೂಟದಲ್ಲೇ ತೀರ್ಮಾನವಾಗುತ್ತದೆ. ಒಂದು ಮಗುವನ್ನು ಆರಿಸಿಕೊಂಡು ಅದಕ್ಕೆ ಪಾಠ ಮಾಡುವವರೆಲ್ಲ ತಾವು ಕಂಡದ್ದನ್ನು ಹೇಳುವ ಪದ್ಧತಿಯಿದೆ. ಹೊಸ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಎಲ್ಲಿ ಸಿಗುತ್ತದೆ?

ಶಿಕ್ಷಕರ ಕಾಲೇಜು ನಂತರ ಬಂತು, 1928ರಲ್ಲಿ. ಊರಿನ ಊಲಾಂಡ್ಸ್‌ಹ್ಯೋಹೆ ಗುಡ್ಡದ ಮೇಲೆ, ಆ ಮೊದಲ ಶಾಲೆಯ ಮಗ್ಗುಲಲ್ಲೇ ಇವತ್ತೂ ಇದೆ. 1938ರಲ್ಲಿ ನಾಜಿಗಳು ಶಾಲೆಯನ್ನು ಮುಚ್ಚಿಸಿದರು. ಯುದ್ಧ ಮುಗಿದ 1945ರಲ್ಲೇ ಮತ್ತೆ ತೆರೆದರು. ಈಗ ಜರ್ಮನಿಯಲ್ಲಿ ವಾಲ್ಡಾರ್ಫ್ ಶಾಲೆಗಳು 250ಕ್ಕೂ ಜಾಸ್ತಿ. ನೇರವಾಗಿ ಕಾಲೇಜಿಗೆ ಸೇರಿ ಕಲಿಯುವವರಿದ್ದಾರೆ. ಬೇರೆ ಪದವಿ ಮುಗಿಸಿ ಆಮೇಲೆ ಬರುವವರಿದ್ದಾರೆ. ಎಂಜಿನಿಯರ್ ಆಗಿದ್ದವರು, ಸಂಗೀತಗಾರರು, ಬಡಗಿ ಕೆಲಸ ಮಾಡುತ್ತಿದ್ದವರು ಸಂಜೆ ತರಗತಿಗೆ ಹೋಗಿ ಮೇಷ್ಟ್ರಾಗಿದ್ದಾರೆ. ಕೆಲಸಕ್ಕೆ ಅರ್ಜಿ ಹಾಕಿದವರು ಕೆಲವು ದಿನ ಶಾಲೆಯಲ್ಲೇ ಇದ್ದು ಬೇರೆಯವರ ಪಾಠ ನೋಡುತ್ತಾರೆ, ಒಂದೆರಡು ಪಾಠ ಮಾಡಿ ತೋರಿಸುತ್ತಾರೆ. ಆಮೇಲೆ ಕೂಟ ನಿರ್ಧರಿಸುತ್ತದೆ. ಅದರ ಮೇಲೆ ಸರ್ಕಾರದ ಒಪ್ಪಿಗೆಯೂ ಬೇಕು. ಸೇರಿದ ಮೇಲೆ ಹಳಬರೊಬ್ಬರು ಜೊತೆಗಾರರಾಗಿ ನಿಲ್ಲುತ್ತಾರೆ.

ಈ ಕಥೆಯನ್ನು ಹೇಳಿದಾಗ ಕೆಲವರು "ಅವರದ್ದು ಶ್ರೀಮಂತ ದೇಶ, ನಮ್ಮಲ್ಲಿ ಇವೆಲ್ಲ ಎಲ್ಲಿ" ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಮೇಷ್ಟ್ರನ್ನು ತಯಾರು ಮಾಡುವ ವಿಷಯದಲ್ಲಿ ಕರ್ನಾಟಕ ಯಾರಿಗೂ ಕಡಿಮೆ ಇಲ್ಲ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನ ಹತ್ತಿರ 1972ರಲ್ಲಿ ನೀಲ್‌ಬಾಗ್ ಎಂಬ ಶಾಲೆ ಶುರುವಾಯಿತು. ಕಟ್ಟಿದವರು ಡೇವಿಡ್ ಹಾರ್ಸ್‌ಬರೋ, ಇಂಗ್ಲೆಂಡಿನವರು. ಆಂಧ್ರದ ರಿಷಿ ವ್ಯಾಲಿ ಶಾಲೆಯಲ್ಲಿ ಪಾಠ ಮಾಡಿದ್ದವರು. ಸುತ್ತಲಿನ ಹಳ್ಳಿಯ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ವಯಸ್ಸಿನ ಲೆಕ್ಕದ ತರಗತಿಗಳಿಲ್ಲ, ಪರೀಕ್ಷೆಯಿಲ್ಲ, ಹೊಡೆತವಿಲ್ಲ. ಹಲವು ಭಾಷೆಗಳ ಜೊತೆಗೆ ಮರಗೆಲಸ, ಹೊಲಿಗೆ, ಮಡಕೆ ಮಾಡುವುದು.

ಶಿಕ್ಷಕರಾಗಲು ಬಂದವರು ಅಲ್ಲೇ ಇದ್ದು ಕಲಿಯುತ್ತಿದ್ದರು. ಮಕ್ಕಳ ಪಕ್ಕದಲ್ಲಿ ಕೂತು ತಾವೂ ಮರ ಕೆತ್ತುತ್ತಿದ್ದರು, ಹೊಸ ಭಾಷೆ ಕಲಿಯುತ್ತಿದ್ದರು. ಗೊತ್ತಿಲ್ಲದ್ದನ್ನು ಕಲಿಯುವಾಗ ಎಷ್ಟು ಕಷ್ಟವಾಗುತ್ತದೆ ಎಂದು ಬೆಳೆದ ಮನುಷ್ಯ ಮರೆತಿರುತ್ತಾನೆ. ಅದನ್ನು ನೆನಪಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಹಾರ್ಸ್‌ಬರೋ 1984ರಲ್ಲಿ ತೀರಿಕೊಂಡರು. ಆದರೆ ಅವರ ಬಳಿ ಕಲಿತವರು ಬೇರೆ ಬೇರೆ ಕಡೆ ಶಾಲೆ ಮಾಡಿದರು. ಬೆಂಗಳೂರಿನ ವಿಕಾಸನ ಅಂಥದ್ದೊಂದು.

ನೀಲ್‌ಬಾಗಿನ ಪ್ರಭಾವ ರಿಷಿ ವ್ಯಾಲಿಯ ಸುತ್ತಲಿನ ಹಳ್ಳಿ ಶಾಲೆಗಳಲ್ಲೂ ಕಾಣುತ್ತದೆ. ಒಬ್ಬರೇ ಮೇಷ್ಟ್ರು, ಐದು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ಅಂಥ ಕಡೆ ಕಾರ್ಡುಗಳ ಮೂಲಕ ಪ್ರತಿ ಮಗು ತನ್ನ ವೇಗದಲ್ಲಿ ಕಲಿಯುವ ವಿಧಾನವನ್ನು ಅಲ್ಲಿ ಬೆಳೆಸಿದರು. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದರು. ಯುನಿಸೆಫ್ ನೆರವು ಸಿಕ್ಕಿತು. ಬಂದವರು ಕಂಡದ್ದನ್ನು ಹಾಗೇ ನಕಲು ಮಾಡಲಿಲ್ಲ. ಕಾರ್ಡುಗಳನ್ನು ಕನ್ನಡದಲ್ಲಿ ತಾವೇ ಮಾಡಿದರು. ತಮ್ಮ ಕಡೆಯ ಹಾಡು, ಕತೆ, ಆಟ ಸೇರಿಸಿದರು. ಕೂಡಿ ಕೂತು ತಿದ್ದಿದರು. ನಲಿ-ಕಲಿ ಹುಟ್ಟಿದ್ದು ಹೀಗೆ. ಕಲಿಕಾ ಏಣಿ, ಮೈಲಿಗಲ್ಲು, ಮಕ್ಕಳು ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂರುವುದು, ಇವು ಇವತ್ತು ನಮ್ಮ ಹಳ್ಳಿಯ ಎಲ್ಲ ಅಪ್ಪ ಅಮ್ಮಂದಿರಿಗೂ ಗೊತ್ತು.

ನಲಿ-ಕಲಿಯನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ. ಹಾಗಾಗಿಯೇ ಮುಂದೆ ಆದದ್ದು ನೋವು ತರುತ್ತದೆ. 2009-10ರಲ್ಲಿ ಅದನ್ನು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ತಂದರು. ಉದ್ದೇಶ ಒಳ್ಳೆಯದೇ. ಆದರೆ ಹೆಗ್ಗಡದೇವನಕೋಟೆಯ ಶಿಕ್ಷಕರು ಮಾಡುತ್ತಾ ಮಾಡುತ್ತಾ ಕಲಿತದ್ದನ್ನು ಉಳಿದವರಿಗೆ ಕೆಲವೇ ದಿನಗಳ ತರಬೇತಿಯಲ್ಲಿ ಹೇಳಬೇಕಾಯಿತು. ಒಬ್ಬರು ಹತ್ತು ಜನಕ್ಕೆ, ಆ ಹತ್ತು ಜನ ಮತ್ತೆ ನೂರು ಜನಕ್ಕೆ. ಕಾರ್ಡು ಅಚ್ಚಾಗಿ ಬಂತು. ಯಾಕೆ ಹೀಗೆ ಎಂದು ತಿಳಿಯದ ಮೇಷ್ಟ್ರಿಗೆ ಅದು ಇನ್ನೊಂದು ಪಠ್ಯಪುಸ್ತಕವಾಯಿತು. ಕೈಹತ್ತಿದವರಿಗೆ ವರ್ಗಾವಣೆ ಬಂತು. ಹೀಗಿದ್ದರೂ ಇವತ್ತಿಗೂ ಪ್ರೀತಿಯಿಂದ ನಲಿ-ಕಲಿ ನಡೆಸುವ ಸರ್ಕಾರಿ ಮೇಷ್ಟ್ರುಗಳು ನನಗೆ ಗೊತ್ತು. ಅವರಿಗೆ ಒಂದು ಅನುಕೂಲ ಇದೆ. ತಿಂಗಳ ಸಂಬಳ ಬರುತ್ತದೆ, ಮನೆ ನಡೆಯುತ್ತದೆ.

ಪರ್ಯಾಯ ಶಾಲೆಯ ಮೇಷ್ಟ್ರಿಗೆ ಆ ನೆಮ್ಮದಿ ಇಲ್ಲ. ಶಾಲೆಗಳೆಲ್ಲ ಚಿಕ್ಕವು, ಎಂಟು ಹತ್ತು ಜನ ಕೆಲಸ ಮಾಡುತ್ತಾರೆ. ನಮ್ಮ ಭವಿಷ್ಯ ನಿಧಿ ಕಾಯ್ದೆ ಕಡ್ಡಾಯವಾಗುವುದು 20 ನೌಕರರಿದ್ದ ಕಡೆ. ಅಂದರೆ ಬಹಳಷ್ಟು ಇಂಥ ಶಾಲೆಗಳು ಹೊರಗೆ ಉಳಿಯುತ್ತವೆ. ಗ್ರಾಚ್ಯುಟಿ ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷ ಇರಬೇಕು. ಐದು ವರ್ಷ ಇರುವವರೇ ಕಡಿಮೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಕಲಮು ಶಿಕ್ಷಕರ ವಿದ್ಯಾರ್ಹತೆ ಏನಿರಬೇಕು ಎಂದು ಹೇಳುತ್ತದೆ. 2017ರ ತಿದ್ದುಪಡಿ ತಂದು, ತರಬೇತಿ ಇಲ್ಲದವರು 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯಬೇಕು ಎಂದು ಗಡುವನ್ನೂ ಹಾಕಿದರು. ಡಿ.ಎಡ್., ಬಿ.ಎಡ್. ಇಲ್ಲದೆಯೂ ವರ್ಷಗಟ್ಟಲೆ ಚೆನ್ನಾಗಿ ಪಾಠ ಮಾಡಿದವರಿಗೆ ಇದು ದೊಡ್ಡ ಹೊಡೆತ. ಆದರೆ ಅರ್ಹತೆಯ ಮೇಲೆ ತೋರಿದ ಕಟ್ಟುನಿಟ್ಟು ಖಾಸಗಿ ಶಾಲೆಯ ಸಂಬಳದ ಮೇಲೆ ಕಾಣುವುದಿಲ್ಲ. ಮೇಷ್ಟ್ರು ಏನು ಓದಿರಬೇಕು ಎಂದು ಕೇಳುವ ಸರ್ಕಾರ, ಅವರು ಏನು ತಿಂದು ಬದುಕುತ್ತಾರೆ ಎಂದೂ ಕೇಳಬೇಕಿತ್ತು.

ಇಲ್ಲಿ ಜರ್ಮನಿಯಲ್ಲಿ ಮೇಷ್ಟ್ರಿಗೆ ಆರೋಗ್ಯ ವಿಮೆ, ಪಿಂಚಣಿ ವಿಮೆ ಕಡ್ಡಾಯ, ಶಾಲೆ ಎಷ್ಟೇ ಚಿಕ್ಕದಿರಲಿ. ಮಗು ಹುಟ್ಟಿದರೆ ತಾಯಿಯಾಗಲಿ ತಂದೆಯಾಗಲಿ ಮೂರು ವರ್ಷದವರೆಗೆ ರಜೆ ಪಡೆಯಬಹುದು, ಕೆಲಸ ಹೋಗುವುದಿಲ್ಲ. ಶಾಲೆಯ ಖರ್ಚಿನ ದೊಡ್ಡ ಪಾಲನ್ನು ರಾಜ್ಯ ಸರ್ಕಾರ ಕೊಡುತ್ತದೆ. ಉಳಿದದ್ದಕ್ಕೆ ತಂದೆ ತಾಯಿ ತಮ್ಮ ವರಮಾನಕ್ಕೆ ತಕ್ಕಂತೆ ಶುಲ್ಕ ಕೊಡುತ್ತಾರೆ. ಹಲವು ಶಾಲೆಗಳಲ್ಲಿ ಮಕ್ಕಳಿರುವ ಮೇಷ್ಟ್ರಿಗೆ ಸಂಬಳದ ಜೊತೆ ಹೆಚ್ಚುವರಿ ಭತ್ಯೆ ಇದೆ. ಇಷ್ಟಿದ್ದರೆ ಮನುಷ್ಯ ಮಗುವಿನ ಕಡೆ ಮನಸ್ಸು ಕೊಡಬಹುದು.

ಇಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳುತ್ತಿಲ್ಲ. ಸರ್ಕಾರಿ ಶಾಲೆಯ ಕಾಯಂ ಶಿಕ್ಷಕರಿಗೆ ಸಿಗುವಷ್ಟು ಸಂಬಳ, ಪಿಂಚಣಿ ವಾಲ್ಡಾರ್ಫ್‌ನಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಬಿಟ್ಟು ಹೋಗುವವರು ಇದ್ದಾರೆ. ದೇಶದ ತುಂಬ ಶಿಕ್ಷಕರ ಕೊರತೆ. ಮೇಲಿನ ತರಗತಿಗಳಿಗೆ ಗಣಿತ, ಭೌತಶಾಸ್ತ್ರ ಹೇಳುವವರು ಸಿಗುವುದು ಕಷ್ಟ. ಇನ್ನೊಂದು ತೊಂದರೆ ಈ ಪದ್ಧತಿಯ ಒಳಗೇ ಇದೆ. ಒಂದನೇ ತರಗತಿಯಿಂದ ಎಂಟರವರೆಗೆ ಒಬ್ಬರೇ ಕ್ಲಾಸ್ ಟೀಚರ್ ಅದೇ ಮಕ್ಕಳ ಜೊತೆ ಸಾಗಬೇಕು ಎನ್ನುವುದು ವಾಲ್ಡಾರ್ಫ್‌ನ ರೂಢಿ. ಬೆಳಗ್ಗೆ ಮೊದಲ ಎರಡು ಗಂಟೆ ಅವರದ್ದೇ. ಮೂರು ನಾಲ್ಕು ವಾರ ಒಂದೇ ವಿಷಯ, ಆಮೇಲೆ ಇನ್ನೊಂದು. ಮಕ್ಕಳಿಗೆ ಇದರಿಂದ ಸಿಗುವ ಆಸರೆ ದೊಡ್ಡದು, ನನ್ನ ಮನೆಯಲ್ಲೇ ನೋಡುತ್ತಿದ್ದೇನೆ. ಆದರೆ ಎಂಟು ವರ್ಷಕ್ಕೆ ಒಪ್ಪಿಕೊಂಡವರು ಮಧ್ಯದಲ್ಲಿ ಬಿಟ್ಟರೆ ಮಕ್ಕಳಿಗೆ ಮನೆಯ ಹಿರಿಯರನ್ನು ಕಳೆದುಕೊಂಡ ಹಾಗಾಗುತ್ತದೆ. ಮೇಷ್ಟ್ರ ಮೇಲೂ ಭಾರ ಜಾಸ್ತಿ. ಈಗ ಕೆಲವು ಶಾಲೆಗಳು ಆರನೇ ತರಗತಿಗೇ ನಿಲ್ಲಿಸುತ್ತಿವೆ, ಇಲ್ಲವೇ ಇಬ್ಬರಿಗೆ ಹಂಚುತ್ತಿವೆ. ಸರಿಯಾದ ದಾರಿ ಎಂದು ನನ್ನ ಅನಿಸಿಕೆ.

ಎಲ್ಲರೂ ಕೂಡಿ ಶಾಲೆ ನಡೆಸುವ ರೀತಿ ನಮ್ಮಲ್ಲೂ ಇದೆ. ಮಾಗಡಿ ತಾಲ್ಲೂಕಿನ ಸೆಂಟರ್ ಫಾರ್ ಲರ್ನಿಂಗ್ 1990ರಿಂದ ಶಿಕ್ಷಕರ ಕೂಟದಿಂದಲೇ ನಡೆಯುತ್ತಿದೆ. ಶಿಕ್ಷಕರು ಅಲ್ಲೇ ವಾಸ ಮಾಡುತ್ತಾರೆ. ರಿಷಿ ವ್ಯಾಲಿಯಲ್ಲೂ ಮೇಷ್ಟ್ರಿಗೆ ಆವರಣದಲ್ಲೇ ಮನೆ. ಬಾಡಿಗೆಯ ಚಿಂತೆ ಇಲ್ಲ, ಮಕ್ಕಳ ಓದಿನ ಚಿಂತೆ ಇಲ್ಲ, ಸಂಜೆ ಮಾತಾಡಲು ಜೊತೆಯವರಿದ್ದಾರೆ. ಕಡಿಮೆ ಸಂಬಳದಲ್ಲೂ ಜನ ಉಳಿಯುವುದು ಇಂಥ ಕಡೆ. ಊರ ನಡುವೆ ಇರುವ ಶಾಲೆಗೆ ಇದು ಸಾಧ್ಯವಿಲ್ಲ. ಬೆಂಗಳೂರಿನ ಬಾಡಿಗೆ ಕಟ್ಟಿ, ಬಸ್ಸಿನಲ್ಲಿ ಬಂದು, ಸಂಜೆ ಟ್ಯೂಷನ್ ಹೇಳಿ ಬದುಕುವವರಿಗೆ ಕೂಡಿ ಮಾತಾಡಲು ವಾರಕ್ಕೊಂದು ಮಧ್ಯಾಹ್ನ ಎಲ್ಲಿಂದ ಬರಬೇಕು?

ಕನ್ನಡ ಮಾಧ್ಯಮದ ಪರ್ಯಾಯ ಶಾಲೆಗಳ ಕಷ್ಟ ಇನ್ನೂ ಹೆಚ್ಚು. ಧಾರವಾಡದ ಬಾಲಬಳಗದಂಥ ಶಾಲೆಗಳು ಕನ್ನಡದಲ್ಲೇ ಹೊಸ ರೀತಿಯ ಕಲಿಕೆ ಸಾಧ್ಯ ಎಂದು ತೋರಿಸಿವೆ. ಬೆಂಗಳೂರಿನಲ್ಲಿ ಇಂಗ್ಲಿಷ್‌ನಲ್ಲಿ ನಡೆಯುವ ಶಾಲೆ ಜಾಸ್ತಿ ಶುಲ್ಕ ಕೇಳಬಹುದು. ಕನ್ನಡ ಶಾಲೆಗೆ ಅದು ಆಗುವುದಿಲ್ಲ. ಮಕ್ಕಳ ಕಲಿಕೆಯ ಬಗ್ಗೆ ಬರುವ ಹೊಸ ತರಬೇತಿ, ಪುಸ್ತಕ, ಕಾರ್ಯಾಗಾರ ಬಹುಪಾಲು ಇಂಗ್ಲಿಷ್‌ನಲ್ಲಿ. ಹಳ್ಳಿಯಿಂದ ಬಂದ, ಕನ್ನಡದಲ್ಲಿ ಚೆನ್ನಾಗಿ ಕತೆ ಹೇಳಬಲ್ಲ ಹುಡುಗಿ ಆ ಕಾರ್ಯಾಗಾರದ ಹಿಂದಿನ ಸಾಲಿನಲ್ಲಿ ಮಾತಾಡದೆ ಕೂತಿರುತ್ತಾಳೆ. ನಿಜವಾಗಿ ಆ ಕೆಲಸಕ್ಕೆ ಬೇಕಾದವಳು ಅವಳು.

ಮಾಂಟೆಸ್ಸರಿಯವರ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಎರಡನೇ ಮಹಾಯುದ್ಧಕ್ಕೆ ಇಳಿಯಿತು. ಇಟಲಿಯವರಾದ್ದರಿಂದ ವಾಪಸ್ ಹೋಗಲು ಆಗಲಿಲ್ಲ. 1946ರವರೆಗೆ ಭಾರತದಲ್ಲೇ ಇದ್ದು ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ಬೆಂಗಳೂರಿನಲ್ಲಿ ಬೀದಿಗೊಂದು ಮಾಂಟೆಸ್ಸರಿ ಕಾಣುವುದಕ್ಕೆ ಆ ವರ್ಷಗಳೂ ಒಂದು ಕಾರಣ. ಅವರು ಮೊದಲು ಶಿಕ್ಷಕರನ್ನು ತಯಾರು ಮಾಡಿದರು, ಶಾಲೆಗಳು ಅವರ ಹಿಂದೆ ಬಂದವು. ನಾವು ಈಗ ಜಾಗ ಹುಡುಕುತ್ತೇವೆ, ಮಣ್ಣಿನ ಗೋಡೆಯ ಸುಂದರ ಕಟ್ಟಡ ಕಟ್ಟುತ್ತೇವೆ, ಆಮೇಲೆ ಮೇ ತಿಂಗಳಲ್ಲಿ ಮೇಷ್ಟ್ರನ್ನು ಹುಡುಕುತ್ತೇವೆ.

ಹೊರನಾಡಿನಲ್ಲಿರುವ ನಮ್ಮಂಥವರಿಗೂ ಇದರಲ್ಲಿ ಪಾಲಿದೆ. ಊರಿನ ಶಾಲೆಗೆ ದುಡ್ಡು ಕಳಿಸುವ ಕನ್ನಡಿಗರು ಬಹಳ ಜನ. ಕಟ್ಟಡಕ್ಕೆ, ಕಂಪ್ಯೂಟರಿಗೆ, ಬೆಂಚಿಗೆ ಕೊಡುತ್ತೇವೆ. ಫೋಟೋ ಬರುತ್ತದೆ, ಸಂತೋಷವಾಗುತ್ತದೆ. ಸಂಬಳಕ್ಕೆ ಕೊಡಿ ಎಂದರೆ ಹಿಂಜರಿಯುತ್ತೇವೆ, ಯಾಕೆಂದರೆ ಅದು ಪ್ರತಿ ವರ್ಷ ಬೇಕಾಗುತ್ತದೆ, ತೋರಿಸಲು ಏನೂ ಇರುವುದಿಲ್ಲ. ನಾನು ಕೇಳಿಕೊಳ್ಳುವುದು ಇದನ್ನೇ. ಮುಂದಿನ ಸಲ ಕಟ್ಟಡಕ್ಕೆ ಎಂದು ಎತ್ತಿಟ್ಟ ಹಣದಿಂದ ಒಂದು ಶಾಲೆಗೆ ಒಬ್ಬ ಹೊಸ ಮೇಷ್ಟ್ರ ಒಂದು ವರ್ಷದ ಸಂಬಳ ಕೊಡಿ. ಆ ವರ್ಷ ಅವರಿಗೆ ಸ್ವಂತ ತರಗತಿ ಬೇಡ. ಹಳಬರ ಜೊತೆ ಕೂರಲಿ, ಮಕ್ಕಳನ್ನು ನೋಡಲಿ, ವಾರಕ್ಕೊಂದು ಪಾಠ ಮಾಡಲಿ, ಅದರ ಬಗ್ಗೆ ಮಾತಾಡಲಿ. ನೀಲ್‌ಬಾಗ್‌ನಲ್ಲಿ ಕಲಿತಂತೆ ಕಲಿಯಲಿ. ಜೊತೆಗೆ ಹಳಬರಿಗೂ ಅವರಿಗೂ ಆರೋಗ್ಯ ವಿಮೆ ಮಾಡಿಸಿ. 20 ಜನ ಇಲ್ಲದ ಶಾಲೆಯೂ ತಾನಾಗಿ ಭವಿಷ್ಯ ನಿಧಿಗೆ ಸೇರಲು ಕಾನೂನಿನಲ್ಲಿ ಅವಕಾಶ ಇದೆ. ಶಾಲೆಯ ಪಾಲಿನ ಹಣ ಕಟ್ಟಲು ಯಾರಾದರೂ ಮುಂದೆ ಬಂದರೆ ಸಾಕು.

ಶಾಲೆ ನಡೆಸುವ ಗೆಳೆಯರನ್ನೂ ಕೇಳುತ್ತೇನೆ. ನಿಮ್ಮ ಪರಿಚಯದ ಪುಟದಲ್ಲಿ ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಚೆನ್ನಾಗಿ ಬರೆದಿದ್ದೀರಿ. ಅದರ ಕೆಳಗೆ ಮೇಷ್ಟ್ರಿಗೆ ಎಷ್ಟು ಸಂಬಳ, ಯಾವ ತಾರೀಕಿಗೆ, ಎಷ್ಟು ರಜೆ, ವಿಮೆ ಇದೆಯಾ, ಮೊದಲ ವರ್ಷ ಜೊತೆಗೆ ಯಾರಿರುತ್ತಾರೆ ಎಂದೂ ಬರೆಯಿರಿ. ತಂದೆ ತಾಯಿ ಶಾಲೆ ನೋಡಲು ಬಂದಾಗ ಅದನ್ನೂ ಓದಲಿ. ಶುಲ್ಕ ಯಾಕೆ ಇಷ್ಟು ಎಂದು ಕೇಳಿದರೆ ಲೆಕ್ಕ ಅವರ ಮುಂದೆಯೇ ಇರುತ್ತದೆ.